ದವಡೆ ಮುಂದಿಟ್ಟ ನಿದ್ದೆ

ತಾನು ಗೊರಕೆ ಹೊಡೆಯುತ್ತೇನೆಂದು ತಾನಾಗಿಯೇ ಒಪ್ಪಿಕೊಂಡ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ ನೋಡಿ. "ನಾನಾ? ಛೆ ಛೆ, ಉಸಿರು ಸ್ವಲ್ಪ ಜೋರು ಅಷ್ಟೆ" ಎನ್ನುತ್ತಾರೆ. ಇನ್ನು ಕೆಲವರು "ಅವತ್ತು ನೆಗಡಿಯಾಗಿತ್ತು" ಎನ್ನುತ್ತಾರೆ. ಆ ನೆಗಡಿ ಅವರ ಮದುವೆಯಾದ ವರ್ಷ ಶುರುವಾದದ್ದು ಇನ್ನೂ ಇಳಿದಿರುವುದಿಲ್ಲ. ಮಿಕ್ಕ ಕಾಯಿಲೆಗಳಲ್ಲಿ ನೋವು ಯಾರದೋ ನರಳಾಟವೂ ಅವರದೇ. ಹಲ್ಲುನೋವು ಬಂದವನು ತಾನೇ ಕೆನ್ನೆ ಹಿಡಿದುಕೊಂಡು ಕೂರುತ್ತಾನೆಯೇ ಹೊರತು ಅವನ ಹೆಂಡತಿ ಕೂರುವುದಿಲ್ಲ. ಗೊರಕೆಯ ವಿಚಾರ ಹಾಗಲ್ಲ. ಕಾಯಿಲೆ ಒಬ್ಬರದು, ನಿದ್ದೆಗೆಟ್ಟು ನರಳುವವರು ಪಕ್ಕದವರು, ಬೆಳಿಗ್ಗೆ ಎದ್ದು "ಯಾಕೆ, ಕಣ್ಣು ಕೆಂಪಗಿದೆಯಲ್ಲ?" ಎಂದು ಕಳಕಳಿಯಿಂದ ವಿಚಾರಿಸುವವರು ಮೊದಲನೆಯವರು.

ಈಗ ಮೊಬೈಲು ಬಂದು ಈ ನಿರಪರಾಧಿಗಳ ಬಾಳು ಕೆಟ್ಟಿತು. ನಮ್ಮ ಮನೆಯಲ್ಲಿ ಒಂದು ರಾತ್ರಿ ಸಾಕ್ಷ್ಯ ಸಂಗ್ರಹವಾಗಿ, ಬೆಳಗಿನ ಕಾಫಿಯ ಹೊತ್ತಿಗೆ ಧ್ವನಿಮುದ್ರಿಕೆ ಬಿಡುಗಡೆಯಾಯಿತು. ಅದು ನನ್ನ ದನಿಯಲ್ಲ, ಕೆಳಗೆ ಯಾರೋ ಲಾರಿ ರಿವರ್ಸ್ ತೆಗೆಯುತ್ತಿದ್ದಿರಬೇಕು ಎಂದು ನಾನು ವಾದಿಸಿದೆ. "ಲಾರಿಯೇ ಇರಲಿ. ಮಧ್ಯೆ ಮಧ್ಯೆ ಸದ್ದೇ ಇಲ್ಲವಲ್ಲ, ಅದೇನು ಹೇಳಿ" ಎಂದಳು ಮನೆಯವಳು. ಕೇಳಿದರೆ ನಿಜ. ಏರುತ್ತಾ ಏರುತ್ತಾ ಹೋದ ಸದ್ದು ಗಕ್ಕನೆ ನಿಂತುಬಿಡುತ್ತದೆ. ಫ್ಯಾನು ತಿರುಗುವುದು ಕೇಳಿಸುತ್ತದೆ, ದೂರದ ನಾಯಿ ಬೊಗಳುವುದು ಕೇಳಿಸುತ್ತದೆ, ನಾನು ಮಾತ್ರ ಇಲ್ಲ. ಆಮೇಲೆ ಗೊಟಕ್ಕೆಂದು ಒಂದು ಆರ್ಭಟ, ಮತ್ತೆ ಮೊದಲಿನಿಂದ ಆಲಾಪನೆ.

ನಮ್ಮ ಕಡೆ ಗೊರಕೆಗೆ ಒಂದು ಬಗೆಯ ಮರ್ಯಾದೆಯೂ ಉಂಟು. ಜಗಲಿಯ ಮೇಲೆ ಸೂರು ಹಾರುವಂತೆ ಗೊರಕೆ ಹೊಡೆಯುತ್ತಿದ್ದ ನನ್ನ ದೊಡ್ಡಪ್ಪನನ್ನು ನೋಡಿ ಬಂದುಹೋಗುವವರೆಲ್ಲ "ಪುಣ್ಯಾತ್ಮ, ಎಂಥಾ ನಿದ್ದೆ ನೋಡಿ!" ಎಂದು ಕರುಬುತ್ತಿದ್ದರು. ಆ ಪುಣ್ಯಾತ್ಮ ರಾತ್ರಿಯಿಡೀ ಮಲಗಿ ಎದ್ದವರು ಹಗಲು ಎಲೆಗೆ ಸುಣ್ಣ ಹಚ್ಚುತ್ತಲೇ ತೂಕಡಿಸುತ್ತಿದ್ದರು. ಪಂಚಾಯಿತಿಯ ಕಟ್ಟೆಯಲ್ಲಿ ತೀರ್ಪು ಹೇಳುತ್ತ "ಆದ್ದರಿಂದ" ಎಂಬಲ್ಲಿಗೆ ನಿದ್ದೆಹೋದದ್ದೂ ಇದೆ. ಎರಡೂ ಕಡೆಯವರು ತೀರ್ಪು ತಮ್ಮ ಪರವೆಂದೇ ತಿಳಿದು ಮನೆಗೆ ಹೋದರಂತೆ. ಬಿ.ಪಿ. ಮಾತ್ರೆಗೆ ಬಗ್ಗುತ್ತಿರಲಿಲ್ಲ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಿದ್ದರು. ಬೆಳಿಗ್ಗೆ ತಲೆನೋವು. ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಬಹುದೆಂದು ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ವಯಸ್ಸು ಎಂದರು, ಪಿತ್ತ ಎಂದರು, ಸೊಸೆಯಂದಿರ ಅಡುಗೆ ಎಂದರು.

ಆ ದಾರ ಇರುವುದು ಗಂಟಲಿನ ಹಿಂದೆ. ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗೆ ಒಂದು ಗೇಣಿಗೂ ಕಡಮೆ ಉದ್ದದ ಉಸಿರಿನ ದಾರಿಗೆ ಸುತ್ತಲೂ ಮೂಳೆಯ ಆಸರೆಯಿಲ್ಲ, ಬರೀ ಸ್ನಾಯು, ಬರೀ ಮಾಂಸ. ನಾವು ಎಚ್ಚರವಾಗಿದ್ದಾಗ ಆ ಸ್ನಾಯುಗಳೂ ಎಚ್ಚರವಾಗಿದ್ದು ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಬಂದಾಗ ಸಡಿಲಾಗುತ್ತವೆ. ಅಂಗಾತ ಮಲಗಿದರಂತೂ ನಾಲಿಗೆ ತನ್ನ ಭಾರಕ್ಕೆ ತಾನೇ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾಗಿ ಪಕ್ಕದ ಮಾಂಸ ಅದುರಿದರೆ ಅದು ಗೊರಕೆ. ದಾರಿ ಪೂರ್ತಿ ಮುಚ್ಚಿಹೋದರೆ ಸದ್ದೇ ಇರುವುದಿಲ್ಲ, ಏಕೆಂದರೆ ಗಾಳಿಯೇ ಇರುವುದಿಲ್ಲ. ಎಳನೀರಿನವನು ಈಗ ಕೊಡುವ ಕಾಗದದ ಸ್ಟ್ರಾ ನೆನೆದು ಮೆತ್ತಗಾದ ಮೇಲೆ ಜೋರಾಗಿ ಎಳೆದರೆ ಒಳಗೊಳಗೇ ಅಂಟಿಕೊಂಡುಬಿಡುತ್ತದಲ್ಲ, ಅದೇ ಕಥೆ. ಎಳೆದಷ್ಟೂ ಮುಚ್ಚುತ್ತದೆ. ಎದೆ ಏಳುತ್ತದೆ, ಹೊಟ್ಟೆ ಏಳುತ್ತದೆ, ಉಸಿರು ಮಾತ್ರ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಯಾಗಿ ನಮ್ಮನ್ನು ಅರೆಕ್ಷಣ ತಿವಿದು ಎಬ್ಬಿಸುತ್ತದೆ. ಎದ್ದದ್ದು ನಮಗೇ ತಿಳಿಯುವುದಿಲ್ಲ. ಹತ್ತು ಸೆಕೆಂಡಾದರೂ ನಿಂತರೆ ಲೆಕ್ಕಕ್ಕೆ ಬರುತ್ತದೆ. ಪೂರ್ತಿ ನಿಂತದ್ದು, ಅರೆಬರೆ ಆದದ್ದು ಎಲ್ಲ ಕೂಡಿಸಿ ಗಂಟೆಗೆ 5ಕ್ಕಿಂತ ಕಡಮೆಯಿದ್ದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಸ್ಲೀಪ್ ಆಪ್ನಿಯಾ ಎಂಬುದು ಇದಕ್ಕೆ ಡಾಕ್ಟರುಗಳು ಇಟ್ಟ ಹೆಸರು. ದೆಹಲಿಯ ಏಮ್ಸ್‌ನ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಕೂಡಿಸಿ 2023ರಲ್ಲಿ ಹಾಕಿದ ಅಂದಾಜಿನಂತೆ ದುಡಿಯುವ ವಯಸ್ಸಿನ ಸುಮಾರು 10 ಕೋಟಿ ಭಾರತೀಯರಿಗೆ ಇದು ಇದೆ. ಅವರಲ್ಲಿ ಬಹುಪಾಲು ಜನ ತಮಗೆ ನೆಗಡಿಯಾಗಿದೆ ಎಂದೇ ನಂಬಿದ್ದಾರು.

ಇದು ನಗುವ ವಿಷಯವಲ್ಲ ಎಂದು ಒಮ್ಮೆಯಾದರೂ ಹೇಳಿಬಿಡಬೇಕು. 2022ರ ಫೆಬ್ರವರಿಯಲ್ಲಿ ಬಪ್ಪಿ ಲಾಹಿರಿ ತೀರಿಕೊಂಡಾಗ ಅವರ ವೈದ್ಯರು ಹೇಳಿದ ಕಾರಣಗಳಲ್ಲಿ ಸ್ಲೀಪ್ ಆಪ್ನಿಯಾ ಇತ್ತು. ನಮಗೆ ಆತ ದ್ವಾರಕೀಶರ 'ಆಫ್ರಿಕಾದಲ್ಲಿ ಶೀಲಾ' ಚಿತ್ರಕ್ಕೆ ಸಂಗೀತ ಕೊಟ್ಟವರು. ಮೈತುಂಬ ಚಿನ್ನ ಹೇರಿಕೊಂಡವರ ಕತ್ತಿನ ಬಗ್ಗೆ ಪತ್ರಿಕೆಗಳು ಅಷ್ಟು ವರ್ಷ ಬರೆದವು, ಕತ್ತಿನ ಒಳಗಿನದು ಕೊನೆಗೆ ಸುದ್ದಿಯಾಯಿತು.

ಕಥೆ ಬರೆಯುವವರು ಇದನ್ನು ಡಾಕ್ಟರುಗಳಿಗಿಂತ ಮೊದಲೇ ಗಮನಿಸಿದ್ದರು. ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಕಂತುಕಂತಾಗಿ ಬರೆದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಎಂಬ ದಡೂತಿ ಹುಡುಗನಿದ್ದಾನೆ. ನಿಂತಲ್ಲಿ, ಕೂತಲ್ಲಿ, ಬಾಗಿಲು ಬಡಿಯುತ್ತಲೇ ನಿದ್ದೆ. 1956ರಲ್ಲಿ ಬಾಸ್ಟನ್ನಿನ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ತಮ್ಮ ಒಬ್ಬ ರೋಗಿಯ ವಿವರ ಬರೆದು, ಅವನ ಸ್ಥಿತಿಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ಅದು ಆಪ್ನಿಯಾದ ದಾಯಾದಿ, ಅದೇ ಅಲ್ಲ. ಆದರೆ ಆ ರೋಗಿ ಆಸ್ಪತ್ರೆಗೆ ಬಂದ ಕಾರಣ ನನಗೆ ಬಹಳ ಇಷ್ಟ. ಅವನು ವಾರಕ್ಕೊಮ್ಮೆ ಪೋಕರ್ ಆಡುತ್ತಿದ್ದ. ಒಂದು ದಿನ ಕೈಗೆ ಮೂರು ಎಕ್ಕ, ಎರಡು ರಾಜ ಬಂದವು. ಅಂಥ ಎಲೆ ಜೀವಮಾನದಲ್ಲಿ ಎಷ್ಟು ಸಲ ಬಂದೀತು? ಅಷ್ಟರಲ್ಲಿ ಅವನಿಗೆ ನಿದ್ದೆ ಬಂದುಬಿಟ್ಟಿತು. ಉಬ್ಬಸ, ಊತ, ತೂಕಡಿಕೆ ಯಾವುದಕ್ಕೂ ಹೆದರದವನು ಮೂರು ಎಕ್ಕ ಹಾಳಾದದ್ದಕ್ಕೆ ಹೆದರಿ ಡಾಕ್ಟರ ಹತ್ತಿರ ಹೋದ. ನಮ್ಮ ಊರಿನ ಕ್ಲಬ್ಬುಗಳಲ್ಲಿ ರಮ್ಮಿ ಆಡುವ ಹಿರಿಯರಿಗೆ ಇದನ್ನು ಹೇಳಿದರೆ ಬೇರೆ ಯಾವ ಆರೋಗ್ಯ ಭಾಷಣವೂ ಬೇಕಾಗುವುದಿಲ್ಲ.

ನಾನು ಹೋದ ನಿದ್ರಾ ವೈದ್ಯರು ಮೊದಲು ಒಂದು ಹಾಳೆ ಕೊಟ್ಟರು. ಮೆಲ್ಬರ್ನ್‌ನ ಎಪ್‌ವರ್ತ್ ಆಸ್ಪತ್ರೆಯಲ್ಲಿದ್ದ ಮರ್ರೆ ಜಾನ್ಸ್ ಎಂಬವರು 1991ರಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆ. ಎಂಟು ಸಂದರ್ಭಗಳು, ಪ್ರತಿಯೊಂದರಲ್ಲೂ ತೂಕಡಿಸುವ ಸಾಧ್ಯತೆಗೆ ಸೊನ್ನೆಯಿಂದ ಮೂರು ಅಂಕ, ಒಟ್ಟು 24. ಹತ್ತು ದಾಟಿದರೆ ವಿಚಾರಿಸಬೇಕಾದ ನಿದ್ದೆ. ಆಸ್ಟ್ರೇಲಿಯಾದವರಿಗೆ ಇದು ಸರಿಯಾಗಿಯೇ ಅಳೆಯುತ್ತದೆ, ಸಂಶಯವಿಲ್ಲ. ನಮ್ಮ ಮಟ್ಟಿಗೆ ಒಂದಿಷ್ಟು ತಕರಾರುಗಳಿವೆ. "ಓದುತ್ತ ಕುಳಿತಾಗ ತೂಕಡಿಕೆ ಬರುತ್ತದೆಯೆ?" ಏನನ್ನು ಓದುತ್ತ ಎಂದು ಹೇಳಬೇಡವೆ? ನನ್ನ ಕೆಲವು ಸ್ನೇಹಿತರ ಕಾದಂಬರಿಗಳಿಗೆ ನಾನು ನಾಲ್ಕು ಅಂಕ ಕೊಡುತ್ತಿದ್ದೆ, ಮೂರಕ್ಕಿಂತ ಮೇಲೆ ಅವಕಾಶವಿರಲಿಲ್ಲ. "ಸಾರ್ವಜನಿಕ ಸ್ಥಳದಲ್ಲಿ, ಸಭೆಯಲ್ಲಿ ಸುಮ್ಮನೆ ಕುಳಿತಾಗ?" ಸಾಹಿತ್ಯ ಸಮ್ಮೇಳನದಲ್ಲಿ ಮಧ್ಯಾಹ್ನ ಎರಡೂವರೆಯ ಗೋಷ್ಠಿಯಲ್ಲಿ, ಹೋಳಿಗೆ ಊಟದ ನಂತರ, ಮೂರನೇ ಪ್ರಬಂಧ ಮಂಡನೆಯ ಹೊತ್ತಿಗೆ ಎಚ್ಚರವಾಗಿರುವವನಿಗೇ ಏನೋ ಕಾಯಿಲೆಯಿದೆ ಎಂದು ನನ್ನ ಅಭಿಪ್ರಾಯ. "ಮದ್ಯ ಸೇವಿಸದೆ ಮಧ್ಯಾಹ್ನದ ಊಟ ಮಾಡಿ ಸುಮ್ಮನೆ ಕುಳಿತಾಗ?" ಮುದ್ದೆ ಮತ್ತು ಬಸ್ಸಾರಿನ ಎದುರು ಮದ್ಯದ ಪ್ರಶ್ನೆ ಏಕೆ ಬರುತ್ತದೆಂಬುದು ತಿಳಿಯಲಿಲ್ಲ. ಕೊನೆಯದು, "ಸಂಚಾರ ದಟ್ಟಣೆಯಲ್ಲಿ ಕಾರು ಕೆಲವು ನಿಮಿಷ ನಿಂತಾಗ?" ಕೆಲವು ನಿಮಿಷ! ಸಿಲ್ಕ್ ಬೋರ್ಡ್ ಜಂಕ್ಷನ್ ಕಂಡಿದ್ದರೆ ಜಾನ್ಸ್ ಸಾಹೇಬರು ಈ ಪ್ರಶ್ನೆಯನ್ನು ಬೇರೆ ರೀತಿ ಬರೆಯುತ್ತಿದ್ದರು. ಆದರೂ ತಮಾಷೆ ಬದಿಗಿಟ್ಟು ನೋಡಿದರೆ ಆ ಪ್ರಶ್ನೆಯೇ ಎಲ್ಲಕ್ಕಿಂತ ಗಂಭೀರವಾದದ್ದು. ಸ್ಟಿಯರಿಂಗ್ ಹಿಡಿದವನಿಗೆ ಸಿಗ್ನಲ್ಲಿನಲ್ಲಿ ಬರುವ ನಿದ್ದೆ ಹೆದ್ದಾರಿಯಲ್ಲೂ ಬರುತ್ತದೆ.

ಆಮೇಲೆ ಡಾಕ್ಟರು ಟೇಪು ತೆಗೆದು ಕುತ್ತಿಗೆ ಅಳೆದರು. ಕಾಲರ್ 17 ಇಂಚಿನ ಗಂಡಸರು ಎಚ್ಚರವಹಿಸಬೇಕಂತೆ. ಈ ಲೆಕ್ಕದಲ್ಲಿ ನಮ್ಮ ದರ್ಜಿಗೆ ಊರಿನ ಅರ್ಧ ಜನರ ಆಪ್ನಿಯಾ ಡಾಕ್ಟರಿಗಿಂತ ಮುಂಚೆ ಗೊತ್ತಿರಬೇಕು. ಹಾಗೆಂದು ತೆಳ್ಳಗಿರುವವರು ಬೀಗುವಂತಿಲ್ಲ. ದವಡೆ ಚಿಕ್ಕದಿದ್ದರೆ, ಹಿಂದಕ್ಕಿದ್ದರೆ ಅವರಿಗೂ ಬರುತ್ತದೆ. ನಮ್ಮ ಏಷ್ಯಾದ ಜನರಿಗೆ ಬಿಳಿಯರಿಗಿಂತ ಕಡಮೆ ತೂಕದಲ್ಲೇ ಬರುವುದಕ್ಕೆ ಮುಖದ ಮೂಳೆಯ ಆಕಾರವೂ ಒಂದು ಕಾರಣ ಎನ್ನುತ್ತಾರೆ. ಬಳಿಕ "ಬಾಯಿ ತೆರೆದು ನಾಲಿಗೆ ಪೂರ್ತಿ ಚಾಚಿ" ಎಂದರು. ಕಿರುನಾಲಿಗೆ ಎಷ್ಟು ಕಾಣುತ್ತದೆಂಬುದರ ಮೇಲೆ ನಾಲ್ಕು ದರ್ಜೆ. ಇದಕ್ಕೆ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲೂ ಮಲ್ಲಂಪಾಟಿ ದರ್ಜೆ ಎಂದೇ ಹೆಸರು. ಆಂಧ್ರದಿಂದ ಹೋಗಿ ಬಾಸ್ಟನ್ನಿನಲ್ಲಿ ಅರಿವಳಿಕೆ ತಜ್ಞರಾಗಿದ್ದ ಶೇಷಗಿರಿರಾವ್ ಮಲ್ಲಂಪಾಟಿ 1985ರಲ್ಲಿ ಇದರ ಮೊದಲ ರೂಪವನ್ನು ಪ್ರಕಟಿಸಿದರು. ನಾರ್ವೆಯಲ್ಲೋ ಬ್ರೆಜಿಲಿನಲ್ಲೋ ಒಬ್ಬ ಮನುಷ್ಯ ನಾಲಿಗೆ ಚಾಚಿ ಕುಳಿತಾಗ ಎದುರಿನ ಡಾಕ್ಟರು ಒಂದು ಅಪ್ಪಟ ತೆಲುಗು ಮನೆತನದ ಹೆಸರನ್ನು ಚೀಟಿಯಲ್ಲಿ ಬರೆಯುತ್ತಾನೆ. ನನ್ನ ಕಿರುನಾಲಿಗೆ ದರ್ಶನ ಕೊಡಲಿಲ್ಲ.

ನಿದ್ರಾ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಲೆಗೆ, ಕಣ್ಣಿನ ಪಕ್ಕ, ಗಲ್ಲಕ್ಕೆ, ಕಾಲಿಗೆ ತಂತಿ. ಎದೆಗೊಂದು ಹೊಟ್ಟೆಗೊಂದು ಪಟ್ಟಿ. ಮೂಗಿಗೆ ಕೊಳವೆ, ಬೆರಳಿಗೆ ಕ್ಲಿಪ್ಪು, ಎದುರಿಗೆ ಕ್ಯಾಮೆರಾ. ಇಷ್ಟೆಲ್ಲ ಕಟ್ಟಿದ ಮೇಲೆ ಆ ಹುಡುಗ "ಮನೇಲಿ ಮಲಗಿದ ಹಾಗೇ ಮಲಗಿ ಸಾರ್" ಎಂದು ದೀಪ ಆರಿಸಿ ಹೋದ. ಫಲಿತಾಂಶ ಬಂದಾಗ ಅಂಕಿ 15 ಮತ್ತು 30ರ ನಡುವೆ ಇತ್ತು. ಅಂದರೆ ಮಧ್ಯಮ. ಆದಾಯದಲ್ಲಿ, ಎತ್ತರದಲ್ಲಿ, ಸಾಹಿತ್ಯದಲ್ಲಿ ಯಾವ ವರ್ಗವೋ ಕಾಯಿಲೆಯಲ್ಲೂ ಅದೇ ವರ್ಗ.

ನನಗಿಂತ ಮೊದಲು ಈ ಹಾದಿ ಹಿಡಿದವರು ನಮ್ಮ ಭಾವ. ಅವರದು ತೀವ್ರ. ಅವರು ಯಾವುದನ್ನೂ ಮಧ್ಯಮವಾಗಿ ಮಾಡಿದವರಲ್ಲ. ಅವರಿಗೆ ಕೊಟ್ಟದ್ದು ಗಾಳಿ ಯಂತ್ರ. ಸಿಪ್ಯಾಪ್ ಎನ್ನುತ್ತಾರೆ. ಮೂಗಿಗೆ ಮುಖವಾಡ, ಅದಕ್ಕೊಂದು ಕೊಳವೆ, ಕೊಳವೆಯ ತುದಿಯಲ್ಲಿ ಮಂಚದ ಪಕ್ಕದ ಪೆಟ್ಟಿಗೆ. ರಾತ್ರಿಯೆಲ್ಲ ಹಿತವಾದ ಒತ್ತಡದಲ್ಲಿ ಗಾಳಿ ಊದುತ್ತ ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಇದನ್ನು ಕಂಡುಹಿಡಿದವರು ಸಿಡ್ನಿಯ ಕಾಲಿನ್ ಸಲ್ಲಿವನ್. ವ್ಯಾಕ್ಯೂಮ್ ಕ್ಲೀನರಿನ ಮೋಟರನ್ನು ಊದುವ ಕೆಲಸಕ್ಕೆ ಹಚ್ಚಿ, ಮುಖವಾಡವನ್ನು ರೋಗಿಯ ಮೂಗಿಗೆ ಅಂಟಿಸಿ, ಐದು ಜನರ ಮೇಲೆ ಪ್ರಯೋಗ ಮಾಡಿ 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ತೀವ್ರ ರೋಗಿಗಳಿಗೆ ಇದ್ದ ಖಾತ್ರಿ ಮದ್ದೆಂದರೆ ಕತ್ತಿನ ಮುಂದೆ ತೂತು ಕೊರೆಯುವುದು. ಹಾಗಾಗಿ ಸಲ್ಲಿವನ್ನರಿಗೆ ಕೈಮುಗಿಯಬೇಕು. ಇವತ್ತಿಗೂ ತೀವ್ರ ಆಪ್ನಿಯಾಕ್ಕೆ ಇದನ್ನು ಮೀರಿಸಿದ್ದಿಲ್ಲ.

ಆದರೆ ಕೈಮುಗಿಯುವುದು ಬೇರೆ, ಪ್ರತಿ ರಾತ್ರಿ ಮುಖಕ್ಕೆ ಕಟ್ಟಿಕೊಳ್ಳುವುದು ಬೇರೆ. ಭಾವನನ್ನು ಕೊಳವೆಸಮೇತ ಕಂಡ ಮೊಮ್ಮಗಳು ಹೆದರುತ್ತಾಳೆಂದುಕೊಂಡರೆ, ಅವಳು "ಗಣಪತಿ ತಾತ" ಎಂದು ಅಡ್ಡಬಿದ್ದಳು. ಅಕ್ಕ ಆಮೇಲೆ ಕಡುಬು ಕೂಡ ಮಾಡಿದಳೆಂದು ಭಾವ ಹೇಳುತ್ತಾರೆ, ನಾನು ಪೂರ್ತಿ ನಂಬುವುದಿಲ್ಲ. ಭಾವ ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರು. ಮಧ್ಯರಾತ್ರಿ ಕರೆಂಟು ಹೋದಾಗ ಯಂತ್ರ ನಿಲ್ಲುತ್ತದೆ, ಅವರು ಎದ್ದು ಕೂರುತ್ತಾರೆ, ತಾವೇ ಮೂವತ್ತು ಚಿಲ್ಲರೆ ವರ್ಷ ಗ್ರಾಹಕರಿಗೆ ಹೇಳುತ್ತಿದ್ದ "ಲೈನ್ ಮೇಲೆ ಕೆಲಸ ನಡೀತಿದೆ" ಎಂಬ ಉತ್ತರವನ್ನು ತಾವೇ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾರೆ.

ಇದನ್ನೆಲ್ಲ ನೋಡಿದ್ದ ನಾನು ಬೇರೇನಾದರೂ ಉಂಟೇ ಎಂದು ಕೇಳಿದೆ. ಬನಿಯನ್ನಿನ ಬೆನ್ನಿಗೆ ಜೇಬು ಹೊಲಿಸಿ ಟೆನ್ನಿಸ್ ಚೆಂಡು ಇಟ್ಟುಕೊಂಡರೆ ಅಂಗಾತ ಮಲಗಲಾಗುವುದಿಲ್ಲ, ಕೆಲವರಿಗೆ ಅಷ್ಟೇ ಸಾಕಾಗುತ್ತದೆ ಎಂದರು ಡಾಕ್ಟರು. ನನ್ನದು ಮಗ್ಗುಲಾದರೂ ನಿಲ್ಲುವ ಜಾತಿಯಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. "ಹಾಗಾದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ" ಎಂದು ಚೀಟಿ ಬರೆದರು. ಗೊರಕೆಗೆ ಹಲ್ಲಿನ ಡಾಕ್ಟರು! ನಮ್ಮ ರಾಜ್ಯದಲ್ಲಿ ದಂತ ಕಾಲೇಜುಗಳಿಗೆ ಬರವಿಲ್ಲ, ರಸ್ತೆಗೆ ಎರಡರಂತೆ ಕ್ಲಿನಿಕ್ಕುಗಳಿವೆ, ಕೆಲಸ ಸಾಲದೆ ಗಂಟಲಿಗೂ ಕೈಹಾಕಿದರೆ ಎಂದು ಮನಸ್ಸಿನಲ್ಲಿ ಬಂತು.

ಒಳಗಿನ ಯುಕ್ತಿ ತಿಳಿದ ಮೇಲೆ ಅವರ ಮೇಲೆ ಗೌರವ ಬಂತು. ನಾಲಿಗೆಯ ದೊಡ್ಡ ಸ್ನಾಯು ಬೇರೂರಿರುವುದು ಕೆಳದವಡೆಯ ಒಳಬದಿಯಲ್ಲಿ, ಗಲ್ಲದ ಹಿಂದೆ. ದವಡೆಯನ್ನು ಮುಂದಕ್ಕೆ ತಂದರೆ ನಾಲಿಗೆ ತಾನಾಗಿ ಹಿಂಬಾಲಿಸಲೇಬೇಕು, ಅದರ ಹಿಂದಿನ ದಾರಿ ಅಗಲವಾಗಲೇಬೇಕು. ಆಪರೇಷನ್ ಕೋಣೆಯಲ್ಲಿ ಅರಿವಳಿಕೆಯವರು ಪ್ರಜ್ಞೆ ತಪ್ಪಿದವರ ದವಡೆಯನ್ನು ಎರಡೂ ಕೈಯಿಂದ ಮುಂದಕ್ಕೆತ್ತಿ ಹಿಡಿಯುವುದು ಇದಕ್ಕೇ. ಅದೇ ಕೆಲಸವನ್ನು ರಾತ್ರಿಯಿಡೀ ಮಾಡಲು ಯಾವ ಡಾಕ್ಟರು ತಲೆದೆಸೆಯಲ್ಲಿ ನಿಂತಾನು? ಬಾಯಲ್ಲಿಡುವ ಎರಡು ಅಚ್ಚುಗಳು ನಿಲ್ಲುತ್ತವೆ. ಮೇಲಿನದು ಮೇಲಿನ ಹಲ್ಲುಗಳನ್ನು ಹಿಡಿದುಕೊಂಡು, ಅದರ ಆಧಾರದಿಂದ ಕೆಳಗಿನದನ್ನು ಮುಂದೆ ನಿಲ್ಲಿಸುತ್ತದೆ.

ಈ ಆಲೋಚನೆ ಹಳೆಯದು. ಪ್ಯಾರಿಸ್ಸಿನ ಪಿಯರ್ ರೊಬ್ಯಾಂ ಎಂಬ ದಂತ ವೈದ್ಯ ಹುಟ್ಟಾ ಸಣ್ಣ ದವಡೆಯ ಕೂಸುಗಳಲ್ಲಿ ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟುವುದನ್ನು ಕುರಿತು 1923ರಲ್ಲಿ ಬರೆದ. ದವಡೆ ಮುಂದಕ್ಕೆ ತರುವ ಸಾಧನವನ್ನು ಅದಕ್ಕೂ ಮೊದಲೇ ಬಳಸುತ್ತಿದ್ದ. ದೊಡ್ಡವರ ಗೊರಕೆಯ ಸರದಿ ಬರಲು ಬಹಳ ಕಾಲ ಹಿಡಿಯಿತು. 1982ರಲ್ಲಿ ಶಿಕಾಗೋದಲ್ಲಿ ಇನ್ನೊಂದು ಬಗೆಯ ಸಾಧನದ ವರದಿ ಪ್ರಕಟವಾಯಿತು. ಅದು ನಾಲಿಗೆಯನ್ನೇ ಮೃದುವಾದ ಬುರುಡೆಯೊಳಗೆ ಹೀರಿ ಹಿಡಿದು ತುಟಿಯಾಚೆಗೆ ಚಾಚಿಸಿ ಮಲಗಿಸುತ್ತದೆ. ಮಾಡಿದವರು ಚಾರ್ಲ್ಸ್ ಸ್ಯಾಮೆಲ್‌ಸನ್ ಎಂಬ ಮನೋವೈದ್ಯ, ಪರೀಕ್ಷಿಸಿದವರು ರೋಸಲಿಂಡ್ ಕಾರ್ಟ್‌ರೈಟ್ ಎಂಬ ಕನಸುಗಳ ಸಂಶೋಧಕಿ. ಇಬ್ಬರೂ ಹಲ್ಲಿನವರಲ್ಲ. ಹಲ್ಲೇ ಇಲ್ಲದವರಿಗೂ ಇದು ಆಗುತ್ತದೆಂಬುದು ಇದರ ಹೆಚ್ಚುಗಾರಿಕೆ. ಆದರೆ ಮಧ್ಯರಾತ್ರಿ ದೀಪ ಹಾಕಿದ ಹೆಂಡತಿಗೆ ಪಕ್ಕದಲ್ಲಿ ಕಾಳಿಕಾದೇವಿ ಮೀಸೆಯೊಡನೆ ಮಲಗಿರುವಂತೆ ಕಂಡರೆ ಮುಂದಿನ ಪರಿಣಾಮಗಳಿಗೆ ವೈದ್ಯರು ಹೊಣೆಯಲ್ಲ.

ದಂತ ವೈದ್ಯೆ ಚಿಕ್ಕ ವಯಸ್ಸಿನವರು, ಮಾತು ಕಡಮೆ. ಹಲ್ಲು ಎಣಿಸಿದರು. ಮೇಲೆ ಕೆಳಗೆ ತಲಾ ಎಂಟು ಹತ್ತಾದರೂ ಗಟ್ಟಿ ಹಲ್ಲಿರಬೇಕು, ಒಸಡು ನೆಟ್ಟಗಿರಬೇಕು, ಕಿವಿಯ ಮುಂದಿನ ದವಡೆ ಕೀಲು ಸುಮ್ಮನಿರಬೇಕು. ರಾತ್ರಿ ಹಲ್ಲನ್ನು ಲೋಟದ ನೀರಿನಲ್ಲಿ ಇಟ್ಟು ಮಲಗುವವರಿಗೆ ಇದು ಹೇಳಿಸಿದ್ದಲ್ಲ. "ಕೆಳದವಡೆ ಮುಂದೆ ತನ್ನಿ. ಇನ್ನೂ. ಇನ್ನೂ ಸ್ವಲ್ಪ" ಎಂದು ಅಳತೆ ಪಟ್ಟಿ ಹಿಡಿದರು. ಎಷ್ಟು ಮುಂದೆ ಬರುತ್ತದೋ ಅದರ ಅರ್ಧದಿಂದ ಮುಕ್ಕಾಲಿನವರೆಗಿನ ಜಾಗದಲ್ಲಿ ಎಲ್ಲೋ ಒಂದು ಕಡೆ ನಿದ್ದೆ ಇರುತ್ತದೆ, ಅದನ್ನು ಹುಡುಕಬೇಕು. ಆಮೇಲೆ ಅಚ್ಚು ತೆಗೆಯುವ ಪಾಕ. ಆಲ್ಜಿನೇಟ್ ಎಂಬ ಅದನ್ನು ಕಡಲ ಪಾಚಿಯಿಂದ ತೆಗೆಯುತ್ತಾರೆ. ಈಗ ಬಾಯೊಳಗೆ ಸಣ್ಣ ಕ್ಯಾಮೆರಾ ಆಡಿಸಿ ಕಂಪ್ಯೂಟರಿನಲ್ಲೇ ಅಚ್ಚು ತೆಗೆಯುವವರೂ ಇದ್ದಾರೆ, ನನ್ನ ಪಾಲಿಗೆ ಪಾಚಿಯೇ ಬಂತು. ಅಪ್ಪಟ ಸಸ್ಯಾಹಾರ ಎಂದು ಸಮಾಧಾನ ಹೇಳಿಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ಕುಳಿತೆ. ಬಿಸಿನೀರಲ್ಲಿ ಅದ್ದಿ ಕಚ್ಚಿಕೊಳ್ಳುವ ಅಗ್ಗದ ಮಾದರಿಗಳು ಆನ್‌ಲೈನಿನಲ್ಲಿ ಸಿಗುತ್ತವಲ್ಲ ಎಂದು ಆಮೇಲೆ ಕೇಳಿದ್ದಕ್ಕೆ ಆಕೆ ಏನೂ ಹೇಳಲಿಲ್ಲ, ಒಂದು ಸಲ ನೋಡಿದರು. ಅಳತೆಗೆ ಮಾಡಿಸಿ, ಸ್ವಲ್ಪ ಸ್ವಲ್ಪವಾಗಿ ಹೊಂದಿಸಬಹುದಾದದ್ದೇ ಆಗಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಮತ್ತು ನಿದ್ರಾ ದಂತ ವೈದ್ಯರ ಸಂಘಗಳು ಜೊತೆಗೂಡಿ 2015ರಲ್ಲಿ ಕೊಟ್ಟ ಸೂಚನೆಯಲ್ಲಿ ಇದೆ ಎಂದು ಆಮೇಲೆ ಓದಿದೆ.

ಕೊನೆಗೆ ಕೈಗೆ ಬಂದದ್ದು ಅಂಗೈಯಲ್ಲಿ ಅಡಗುವ ಒಂದು ಪಾರದರ್ಶಕ ಜೋಡಿ. ಎರಡೂ ಕಡೆ ಪುಟ್ಟ ತಿರುಪು, ತಿರುಪಿಗೊಂದು ಗುಂಡುಸೂಜಿಯಂಥ ಕೀಲಿ. ಕೆಲವು ದಿನಕ್ಕೊಮ್ಮೆ ಒಂದು ತಿರುವು ಕೊಟ್ಟರೆ ದವಡೆ ಮಿಲಿಮೀಟರಿನ ಒಂದು ಚೂರಿನಷ್ಟು ಮುಂದೆ ಹೋಗುತ್ತದೆ. ಎಷ್ಟು ತಿರುಗಿಸಬೇಕೆಂದು ಹೇಳಬೇಕಾದವರು ಸದ್ದು ಕೇಳುವವರೇ ಆದ್ದರಿಂದ ವೈದ್ಯೆ ಕೀಲಿಯನ್ನು ನನ್ನ ಕೈಗೆ ಕೊಡದೆ ಪಕ್ಕದಲ್ಲಿದ್ದ ನನ್ನಾಕೆಯ ಕೈಗೆ ಕೊಟ್ಟರು. ಬೀರುವಿನ ಕೀಲಿ, ಬ್ಯಾಂಕ್ ಲಾಕರಿನ ಕೀಲಿ ಮೊದಲೇ ಅಲ್ಲಿದ್ದವು.

ಅದನ್ನು ಹಾಕಿಕೊಂಡು ಬದುಕುವುದು ಒಂದು ಸಂಗತಿ. ಮೊದಮೊದಲು ಜೊಲ್ಲು. ದಿಂಬಿನ ಮೇಲೆ ಹೊಸ ಹೊಸ ಖಂಡಗಳ ನಕ್ಷೆ ಮೂಡಿತು. ಬೆಳಿಗ್ಗೆ ತೆಗೆದರೆ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಎಟುಕುವುದಿಲ್ಲ. ರಾತ್ರಿಯೆಲ್ಲ ಮುಂದೆ ನಿಂತ ದವಡೆ ತನ್ನ ಹಳೆಯ ಜಾಗಕ್ಕೆ ಮರಳಲು ಸ್ವಲ್ಪ ಹೊತ್ತು ಕೇಳುತ್ತದೆ. ಅದಕ್ಕೆಂದು ಕಚ್ಚಿಕೊಳ್ಳಲು ಒಂದು ಸಣ್ಣ ಅಚ್ಚು ಕೊಡುತ್ತಾರೆ. ಅದನ್ನು ಕಚ್ಚುವ ಮುಂಚೆ ಕೋಡುಬಳೆಗೆ ಕೈಹಾಕಿದರೆ ಕೋಡುಬಳೆಯದೇ ಜಯ. ಉಪ್ಪಿಟ್ಟಿನ ಬಗ್ಗೆ ಇಷ್ಟು ವರ್ಷ ಆಡಿದ ಮಾತುಗಳನ್ನೆಲ್ಲ ನಾನು ವಾಪಸು ಪಡೆದದ್ದು ಈ ಕಾಲದಲ್ಲೇ. ವರ್ಷಗಳು ಕಳೆದಂತೆ ಹಲ್ಲುಗಳು ಒಂದು ಮಿಲಿಮೀಟರಿನಷ್ಟು ಜರುಗುವುದೂ ಉಂಟು, ಅದಕ್ಕೇ ಆಗಾಗ ತೋರಿಸುತ್ತಿರಬೇಕು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮಾತಿನದು. ಬಾಯಲ್ಲಿ ಅದಿದ್ದರೆ ಸ, ಟ, ಶ ಎಲ್ಲವೂ ಒಂದೇ ಮನೆತನದವು. ಮಲಗುವ ಹೊತ್ತಿಗೆ ಶುರುವಾ­ಗುತ್ತಿದ್ದ ಸಂಸಾರದ ಚರ್ಚೆಗಳಲ್ಲಿ ಒಂದು ಪಕ್ಷ ಈಗ ಕೇವಲ ಕೇಳಿಸಿಕೊಳ್ಳುತ್ತದೆ. ಈ ಪ್ರಯೋಜನವನ್ನು ಯಾವ ವೈದ್ಯಕೀಯ ಪತ್ರಿಕೆಯೂ ಅಳೆದಿಲ್ಲ. ಅಳೆದರೆ ಹೆಂಡತಿಯರ ಕಡೆಯಿಂದ ಭಾರಿ ಅಂಕ ಬೀಳುತ್ತದೆ.

ಹಾಗಾದರೆ ಯಾವುದು ಹೆಚ್ಚು, ಗಾಳಿಯೋ ದವಡೆಯೋ? ಸಿಡ್ನಿಯಲ್ಲೇ, ಸಲ್ಲಿವನ್ನರ ಊರಿನಲ್ಲೇ, 2013ರಲ್ಲಿ ಪ್ರಕಟವಾದ ಒಂದು ಹೋಲಿಕೆ ಇದೆ. ನೂರಕ್ಕೂ ಮೀರಿದ ರೋಗಿಗಳು ಒಂದೊಂದು ತಿಂಗಳು ಒಂದೊಂದನ್ನು ಬಳಸಿದರು. ಉಸಿರು ನಿಲ್ಲುವುದನ್ನು ತಡೆಯುವುದರಲ್ಲಿ ಯಂತ್ರವೇ ಸ್ಪಷ್ಟವಾಗಿ ಮೇಲು. ಆದರೆ ಯಂತ್ರವನ್ನು ಜನ ರಾತ್ರಿಗೆ ಸುಮಾರು 5.2 ಗಂಟೆ ಕಟ್ಟಿಕೊಂಡರು, ಬಾಯಿಯ ಸಾಧನವನ್ನು 6.5 ಗಂಟೆ ಇಟ್ಟುಕೊಂಡರು. ಕೊನೆಗೆ ಹಗಲಿನ ತೂಕಡಿಕೆ, ರಕ್ತದೊತ್ತಡ ಮುಂತಾದವನ್ನು ನೋಡಿದರೆ ಎರಡೂ ಹೆಚ್ಚುಕಡಮೆ ಒಂದೇ. ನನಗೆ ಈ ಫಲಿತಾಂಶ ತುಂಬ ಹಿಡಿಸಿತು. ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತ ಅತ್ಯುತ್ತಮ ಯಂತ್ರಕ್ಕಿಂತ ಬಾಯೊಳಗಿರುವ ಸುಮಾರಾದ ಪ್ಲಾಸ್ಟಿಕ್ಕೇ ವಾಸಿ ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಬೇಕಾಯಿತು. ಟ್ರೆಡ್‌ಮಿಲ್ ಮೇಲೆ ಸೀರೆ ಒಣಗಿಸುವ ಯಾವ ಮನೆಯವರನ್ನು ಕೇಳಿದ್ದರೂ ಖರ್ಚಿಲ್ಲದೆ ಹೇಳುತ್ತಿದ್ದರು. ಆದರೆ ಸದ್ದು ನಿಂತಿತೆಂದ ಮಾತ್ರಕ್ಕೆ ಕಾಯಿಲೆ ನಿಂತಿತೆಂದಲ್ಲ. ಸಾಧನ ಹಾಕಿಕೊಂಡೇ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಅಂಕಿ ಇಳಿದಿದೆಯೇ ನೋಡಬೇಕು. ಕೆಲವರಿಗೆ ಇಳಿಯುವುದೇ ಇಲ್ಲ. ನನ್ನದು ಇಳಿದಿತ್ತು.

ಇನ್ನು ಯಾವುದನ್ನೂ ಬಾಯಲ್ಲಿಟ್ಟುಕೊಳ್ಳಲು ಒಲ್ಲದವರಿಗೆ ಊದುವ ದಾರಿಯೊಂದಿದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜರಿಡೂ ಎಂಬ ಉದ್ದ ಕೊಳವೆ ವಾದ್ಯವನ್ನು ನಾಲ್ಕು ತಿಂಗಳು ಕಲಿತವರಲ್ಲಿ ತೊಂದರೆ ತಗ್ಗಿತೆಂದು ಸ್ವಿಟ್ಜರ್ಲೆಂಡಿನವರು 2006ರಲ್ಲಿ ಬರೆದರು. ಊದಿ ಊದಿ ಗಂಟಲಿನ ಸ್ನಾಯು ಗಟ್ಟಿಯಾಗುತ್ತದಂತೆ. 2017ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿ ಸಿಕ್ಕಿತು, ಅದೂ ಶಾಂತಿ ವಿಭಾಗದಲ್ಲಿ. ನಮ್ಮವರೇನು ಕಡಮೆ? ಜೈಪುರದ ವೈದ್ಯರು 2025ರಲ್ಲಿ ಶಂಖ ಊದಿಸಿದ ಅಧ್ಯಯನ ಪ್ರಕಟಿಸಿದರು. ಮೂವತ್ತು ಜನ, ಆರು ತಿಂಗಳು, ಒಂದು ಗುಂಪಿಗೆ ಶಂಖ, ಇನ್ನೊಂದಕ್ಕೆ ಬರೀ ದೀರ್ಘ ಉಸಿರು. ಶಂಖದವರ ಹಗಲಿನ ತೂಕಡಿಕೆ ಮೂರನೇ ಒಂದು ಪಾಲಿನಷ್ಟು ಇಳಿಯಿತು. ಚಿಕ್ಕ ಅಧ್ಯಯನ, ಇದರ ಮೇಲೆ ಮಹಲು ಕಟ್ಟಬಾರದು. ಆದರೂ ಶನಿವಾರ ಶನಿವಾರ ಶಂಖ ಜಾಗಟೆಯೊಡನೆ ಬಾಗಿಲಿಗೆ ಬರುತ್ತಿದ್ದ ದಾಸಯ್ಯನ ಹೆಂಡತಿ ರಾತ್ರಿ ಹೇಗೆ ನಿದ್ದೆ ಮಾಡುತ್ತಿದ್ದಳೆಂದು ಯಾರಾದರೂ ಕೇಳಬೇಕಿತ್ತು.

ಕುಂಭಕರ್ಣನ ನೆನಪಾಗದೆ ಈ ವಿಷಯ ಮುಗಿಯುವಂತಿಲ್ಲ. ಅವನ ಉಸಿರಿನ ರಭಸಕ್ಕೆ ಎಬ್ಬಿಸಲು ಬಂದ ರಾಕ್ಷಸರೇ ನಿಲ್ಲಲಾರದೆ ಹೋದರೆಂದು ಕಥೆ. ತಪಸ್ಸಿನ ಕೊನೆಗೆ ವರ ಕೇಳುವಾಗ ಸರಸ್ವತಿ ನಾಲಿಗೆಯ ಮೇಲೆ ಕುಳಿತದ್ದರಿಂದ ಇಂದ್ರನ ಪದವಿ ಕೇಳಬೇಕಾದವನು ನಿದ್ದೆ ಕೇಳಿದನೆಂದು ಹರಿಕಥೆಯವರು ಹೇಳುತ್ತಾರೆ. ಅಂದರೆ ಅಲ್ಲಿಯೂ ಅಪರಾಧಿ ನಾಲಿಗೆಯೇ. ಅವನನ್ನು ಎಬ್ಬಿಸಲು ಲಂಕೆಯವರು ಭೇರಿ ಬಾರಿಸಿದರು, ಆನೆ ಓಡಿಸಿದರು, ಶಂಖಗಳನ್ನು ಊದಿದರು. ಶಂಖ ಎಂಬ ಔಷಧಿ ಸರಿಯಾಗಿಯೇ ಇತ್ತು, ಊದಿದವರು ಮಾತ್ರ ತಪ್ಪಿದರು. ಅವನ ಕೈಯಲ್ಲೇ ಊದಿಸಬೇಕಿತ್ತು.

ಇದನ್ನು ಭಾವನಿಗೆ ಹೇಳಿದೆ. ಅವರ ಗಮನ ಬೇರೆಡೆ ಇತ್ತು. ಅರಸೀಕೆರೆ ಕಡೆಯ ಒಂದು ಛತ್ರದಲ್ಲಿ ಮಗನ ಮದುವೆ ನಿಶ್ಚಯವಾಗಿತ್ತು. ಬೀಗರ ಎದುರು ಗಣಪತಿಯಾಗಿ ಮಲಗುವುದು ಅವರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ, ಛತ್ರದಲ್ಲಿ ಮಲಗುವ ಕಡೆ ಪ್ಲಗ್ ಪಾಯಿಂಟೂ ಇರಲಿಲ್ಲ. ಡಾಕ್ಟರು ಮನೆಯಲ್ಲಿ ಯಂತ್ರ ಬಿಡಬಾರದೆಂದು ಮಾತು ತೆಗೆದುಕೊಂಡು, ಪ್ರಯಾಣದ ರಾತ್ರಿಗಳಿಗೆಂದು ನನ್ನಂಥದೇ ಒಂದು ಜೋಡಿ ಮಾಡಿಸಿಕೊಳ್ಳಲು ಒಪ್ಪಿದರು. ಮುಹೂರ್ತದ ಹಿಂದಿನ ರಾತ್ರಿ ಭಾವ ಉಗ್ರಾಣದ ಬೀಗದ ಕೈಯನ್ನು ಪಂಚೆಗೆ ಸಿಕ್ಕಿಸಿಕೊಂಡು, ಸಾಧನ ಹಾಕಿಕೊಂಡು, ಸಾಲು ಹಾಸಿಗೆಗಳ ನಡುವೆ ಮಗುವಿನಂತೆ ಮಲಗಿದರು. ಬೆಳಗಿನ ಜಾವ ಮೂರಕ್ಕೆ ಅಡುಗೆಯವನು ಬಂದು ಸಕ್ಕರೆ ಕಾಫಿಪುಡಿ ತೆಗೆಯಬೇಕು, ಬೀಗದ ಕೈ ಎಲ್ಲಿ ಎಂದು ಅಲುಗಿಸಿದ. ಭಾವ ಕಣ್ಣು ಬಿಡದೆ, ಸೊಂಟದಲ್ಲಿದೆ ತಗೋ ಎಂದರು. ಹೊರಗೆ ಬಂದದ್ದು "ತೊಂತದಲ್ಲಿದೆ ತಗೋ" ಎಂದು. ಅಡುಗೆಯವನು ಇಬ್ಬರು ಹುಡುಗರನ್ನು ಕರೆದುಕೊಂಡು ಟಾರ್ಚು ಹಿಡಿದು ಛತ್ರದ ಹಿಂದಿನ ತೆಂಗಿನ ತೋಟಕ್ಕೆ ನಡೆದ. ಐದು ಗಂಟೆಗೆ ಬೀಗರ ಕಡೆಯವರೆಲ್ಲ ಎದ್ದು ಕಾಫಿಯ ದಾರಿ ಕಾಯುತ್ತಿರುವಾಗ, ಮೊಣಕಾಲಿನವರೆಗೆ ಇಬ್ಬನಿಯಲ್ಲಿ ತೊಯ್ದು ಬಂದವನು ಭಾವನ ಮುಂದೆ ನಿಂತು ಕೇಳಿದ:

"ಸಾಮೀ, ಅಷ್ಟು ದೊಡ್ಡ ತೋಟದಲ್ಲಿ ಯಾವ ಮರದ ಬುಡ ಅಂತಲಾದರೂ ಹೇಳಬಾರದಾ?"